ಮುಟ್ಟಿ ಹೇಳುವುದು

ಹಸಿರು ಕಂಡಾಗ ಅವನಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು. ಎದೆ ಧಸಕ್ಕೆನ್ನಬೇಕಿತ್ತು, ಬಾಯಿ ಒಣಗಬೇಕಿತ್ತು, ಕನಿಷ್ಠಪಕ್ಷ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಒಮ್ಮೆ ಗೋಡೆಯನ್ನಾದರೂ ನೋಡಬೇಕಿತ್ತು. ಅವನು ಕಣ್ಣು ತೆಗೆಯದೆ ತಿರುಪನ್ನು ತುಸು ಹಿಂದೆ ತುಸು ಮುಂದೆ ಮಾಡುತ್ತ, ಕತ್ತಲೆಯಲ್ಲಿ ತೇಲುತ್ತಿದ್ದ ಹಸಿರು ಉಂಡೆಗಳನ್ನು ಒಂದಾದ ಮೇಲೊಂದು ನೋಡಿದ. ಈ ಬಣ್ಣಗಳ ಅರ್ಥ ತಿಳಿಯಲು ದೊಡ್ಡ ಓದು ಬೇಕಾಗಿಲ್ಲ. ಬದುಕಿರುವ ಜೀವಕೋಶ ಹಸಿರಾಗಿ ಹೊಳೆಯುತ್ತದೆ, ಸತ್ತದ್ದು ಕೆಂಪಾಗಿ. ಪ್ಲೇಟಿನ ಮೇಲಿನ ಸಾಲಿನ ಗುಳಿಗಳಲ್ಲೆಲ್ಲ ಕೆಂಪು. ಮೂಲೆಯ ಈ ಗುಳಿಯಲ್ಲಿ ಮಾತ್ರ ಹಸಿರು. ಎರಡು ಕಡೆಯೂ ಇದ್ದದ್ದು ಅಕ್ಕನ ಗಡ್ಡೆಯಿಂದ ತೆಗೆದ ಜೀವಕೋಶಗಳೇ. ಎರಡು ಕಡೆಯೂ ಹಾಕಿದ್ದು ಒಂದೇ ಔಷಧಿ, ಇವತ್ತು ಮಧ್ಯಾಹ್ನ ಡಾಕ್ಟರು ಅಕ್ಕನಿಗೆ ಮಾತ್ರೆಯ ರೂಪದಲ್ಲಿ ಶುರುಮಾಡಲಿದ್ದ ಔಷಧಿ. ಮೇಲಿನ ಸಾಲಿನಲ್ಲಿ ಜೀವಕೋಶಗಳ ಸುತ್ತಲಿನ ಜೆಲ್ ಮೆತ್ತಗಿತ್ತು, ಮೂಲೆಯ ಗುಳಿಯಲ್ಲಿ ಗಟ್ಟಿಯಾಗಿತ್ತು. ಇಷ್ಟೇ ವ್ಯತ್ಯಾಸ. "ಇಷ್ಟೇ" ಎಂದು ಅವನು ಬಾಯಿಬಿಟ್ಟೇ ಹೇಳಿಕೊಂಡ. ಕತ್ತಲೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ, ಯಂತ್ರದ ಫ್ಯಾನು ಮಾತ್ರ ತಿರುಗುತ್ತಿತ್ತು.

ಜೀವಕೋಶ ಒಂಟಿಯಾಗಿ ಏನನ್ನೂ ತೀರ್ಮಾನಿಸುವುದಿಲ್ಲ ಎಂಬುದನ್ನು ಅವನು ಅಕ್ಕನಿಗೆ ಹಿಂದೆ ಯಾವಾಗಲೋ ಬಸ್ಸಿನಲ್ಲಿ ವಿವರಿಸಿದ್ದ. ಅಕ್ಕ ನಗರ ಸಾರಿಗೆಯ ಬಸ್ಸು ಓಡಿಸುತ್ತಾಳೆ. ಸಂಜೆಯ ಪಾಳಿಯಿದ್ದ ದಿನ ಅವಳ ಬಸ್ಸು ಲ್ಯಾಬಿನ ಮುಂದಿನ ಸ್ಟಾಪಿಗೆ ಬರುತ್ತದೆ, ಅವನು ಹತ್ತಿ ಡ್ರೈವರ್ ಸೀಟಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಡ್ರೈವರ್ ಜೊತೆ ಮಾತಾಡಬಾರದು ಎಂದು ಅವನ ತಲೆಯ ಮೇಲೇ ಬರೆದಿದೆ, ಇವರಿಬ್ಬರೂ ಕೊನೆಯ ಸ್ಟಾಪಿನವರೆಗೆ ಮಾತಾಡುತ್ತಲೇ ಇರುತ್ತಾರೆ. ಚಪ್ಪಟೆ ತಟ್ಟೆಯ ಮೇಲೆ ಬೆಳೆಸಿದರೆ ಜೀವಕೋಶ ಹಂಚಿನ ಮೇಲೆ ಹುಯ್ದ ಹಿಟ್ಟಿನ ಹಾಗೆ ಹರಡಿಕೊಂಡು, ತಾನು ದೇಹದಲ್ಲಿದ್ದೆ ಎಂಬುದನ್ನೇ ಮರೆತುಬಿಡುತ್ತದೆ. ಅದಕ್ಕೇ ಅದನ್ನು ಜೆಲ್ಲಿನೊಳಗೆ ಹೂತಿಡುತ್ತೇವೆ, ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲ ಕಡೆಯಿಂದ ಏನಾದರೂ ಮುಟ್ಟುತ್ತಿರಬೇಕು. ಕೋಶದ ಮೈಮೇಲೆ ಹಿಡಿಕೆಗಳಂಥ ಪ್ರೋಟೀನುಗಳಿರುತ್ತವೆ, ಅವು ಸುತ್ತಲಿನ ಎಳೆಗಳನ್ನು ಹಿಡಿದು ಜಗ್ಗಿ ನೋಡುತ್ತವೆ. ಸುತ್ತಲಿದ್ದದ್ದು ಗಟ್ಟಿಯಾಗಿದ್ದರೆ ಅದು ವಾಪಸ್ಸು ಜಗ್ಗುತ್ತದೆ, ಆ ಎಳೆತವೇ ಸುದ್ದಿಯಾಗಿ ಒಳಗೆ ಕೋಶದ ನಡುವಿನ ತನಕ ಹೋಗುತ್ತದೆ: ಇರು, ಬೆಳೆ, ಎರಡಾಗು. ಮೆತ್ತಗಿದ್ದರೆ ಜಗ್ಗಿದಷ್ಟೂ ಕುಸಿಯುತ್ತದೆ, ಒಳಗೆ ಯಾವ ಸುದ್ದಿಯೂ ಹೋಗುವುದಿಲ್ಲ. ಅಂಥ ಹೊತ್ತಿನಲ್ಲಿ ಔಷಧಿ ಕೊಟ್ಟರೆ ಪಾಪದವು ಬೇಗ ಸಾಯುತ್ತವೆ. ಅಕ್ಕ ಎಲ್ಲ ಕೇಳಿಸಿಕೊಂಡು, ಸಿಗ್ನಲ್ಲಿನಲ್ಲಿ ಗೇರು ತೆಗೆಯುತ್ತ, ಹಾಗಾದರೆ ನಿನ್ನ ಜೀವಕೋಶಗಳಿಗೂ ಹಾಸಿಗೆಯ ಚಿಂತೆ ಅನ್ನು ಎಂದಿದ್ದಳು. ಆಗ ಅವಳ ತೋಳಿನಲ್ಲಿ ಏನೂ ಇರಲಿಲ್ಲ, ಅಥವಾ ಇತ್ತೋ ಏನೋ. ಆಮೇಲೆ, ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಅವನ ಲ್ಯಾಬಿಗೇ ಕಳಿಸುತ್ತಾರೆಂದು ಗೊತ್ತಾದ ದಿನ, ಅದೇ ಮಾತನ್ನು ನೆನಪಿಟ್ಟುಕೊಂಡು, ನನ್ನವಕ್ಕೆ ಒಳ್ಳೆ ಮೆತ್ತನೆ ಹಾಸಿಗೆ ಹಾಕಪ್ಪ ಡಾಕ್ಟ್ರೇ, ನನ್ನ ಡ್ರೈವರ್ ಸೀಟಿನ ಹಾಗೆ ಬೇಡ ಎಂದು ನಕ್ಕಿದ್ದಳು. ಅವನು ಡಾಕ್ಟರಲ್ಲ. ಇಲಿಗೂ ಸೂಜಿ ಚುಚ್ಚಿದವನಲ್ಲ. ಆದರೆ ಮನೆಯಲ್ಲಿ ಒಬ್ಬ ಲ್ಯಾಬು ಕೋಟು ಹಾಕಿದರೆ ನೆಂಟರಿಷ್ಟರ ಕೆಮ್ಮು ನೆಗಡಿಯೆಲ್ಲ ಅವನ ಪಾಲಿಗೇ ಬರುತ್ತದೆ, ಅವನೂ ಬೇಡ ಅನ್ನದೆ ಒಂದಿಷ್ಟು ಅಭಿಪ್ರಾಯ ಕೊಡುವುದನ್ನು ರೂಢಿಮಾಡಿಕೊಂಡಿರುತ್ತಾನೆ.

ಅವನು ಪ್ಲೇಟನ್ನು ವಾಪಸ್ಸು ಇನ್‌ಕ್ಯುಬೇಟರಿನಲ್ಲಿಟ್ಟು, ಮಂಜುಗಡ್ಡೆಯ ಡಬ್ಬಿಯ ಮುಂದೆ ಕೂತ. ಇನ್ಯಾರದೋ ಚೂರಿಗೆ ಜೆಲ್ ಮಾಡುವುದಿತ್ತು. ಈ ಜೆಲ್ಲಿನ ಸ್ವಭಾವವೇ ವಿಚಿತ್ರ, ತಣ್ಣಗಿರುವ ತನಕ ನೀರು, ಸ್ವಲ್ಪ ಬೆಚ್ಚಗಾದರೆ ಹೆಪ್ಪುಗಟ್ಟಿ ಕೂತುಬಿಡುತ್ತದೆ. ಹಾಗಾಗಿ ಶೀಷೆ, ಪಿಪೆಟ್ಟಿನ ತುದಿ, ಪ್ಲೇಟು ಎಲ್ಲವೂ ಮಂಜುಗಡ್ಡೆಯಲ್ಲಿರಬೇಕು, ಅವುಗಳ ಜೊತೆ ಬೆರಳೂ. ಇಷ್ಟು ವರ್ಷ ಹೀಗೆ ಕೂತು ಕೂತು ಅವನ ಬೆರಳ ತುದಿಗಳು ಮರಗಟ್ಟುವುದನ್ನು ಒಂದು ಕೆಲಸವನ್ನಾಗಿಯೇ ಕಲಿತುಬಿಟ್ಟಿದ್ದವು. ಬೆಳಗ್ಗೆ ಮರಗಟ್ಟಿದರೆ ಸಂಜೆಯ ತನಕ ಬಿಡುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಲು ಕನ್ನಡಿ ಬೇಕಾಗುತ್ತಿತ್ತು. ಇದನ್ನು ಅವನು ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳುವುದು? ಅಲ್ಲಿ ಅವನ ಬೆರಳಿಗೇ ಹೆಸರಿತ್ತು. ಗಡ್ಡೆಯ ಗಟ್ಟಿತನ ಅಳೆಯುವ ಯಂತ್ರಕ್ಕೆ ದೊಡ್ಡ ಚೂರು ಬೇಕು. ಸೂಜಿಯಲ್ಲಿ ಬರುವುದು ದಾರದಷ್ಟು, ಯಂತ್ರ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೆ ಮೊದಲಿನಿಂದ ಅಲ್ಲೊಂದು ಪದ್ಧತಿ. ಚೂರನ್ನು ತೆಗೆದುಕೊಂಡವನು ಅದನ್ನು ಗಾಜಿನ ತಟ್ಟೆಯ ಮೇಲಿಟ್ಟು, ಗ್ಲೌಸು ಹಾಕಿದ ಬೆರಳಿನಿಂದ ಮೆಲ್ಲಗೆ ಒತ್ತಿ, ಮೆತ್ತಗೆ, ಮಧ್ಯಮ, ಗಟ್ಟಿ ಎಂದು ಕೂಗಿ ಹೇಳಬೇಕು. ಅದರಂತೆ ಜೆಲ್. ಮುಟ್ಟಿ ಹೇಳುವುದು ಎಂದೇ ಆ ಕೆಲಸಕ್ಕೆ ಹೆಸರು. ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಮೇಡಂ ಹೊರಗಿನವರಿಗೆ ಲ್ಯಾಬು ತೋರಿಸುವಾಗ ಅವನ ಮೇಜಿನ ಬಳಿ ನಿಂತು, ನಮ್ಮಲ್ಲಿ ಯಂತ್ರ ಕೆಟ್ಟರೂ ಚಿಂತೆಯಿಲ್ಲ, ಇವರ ಕೈಯಿದೆ ಎನ್ನುತ್ತಿದ್ದರು. ಬಂದವರು ಅವನ ಕೈ ನೋಡುತ್ತಿದ್ದರು. ಅವನು ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಸೇರಿಸುತ್ತಿದ್ದ.

ಅಕ್ಕನ ಚೂರು ಬಂದ ದಿನ, ಬೇರೆಯವರು ನೋಡಿಕೊಳ್ಳಲಿ ಬಿಡಿ ಎಂದು ಮೇಡಂ ಹೇಳಿದ್ದರು. ನಾನೇ ಮಾಡುತ್ತೇನೆ ಎಂದು ಅವನೇ ಮೈಮೇಲೆ ಎಳೆದುಕೊಂಡ. ಒತ್ತಿದ. ಬೆರಳಿಗೆ ಏನೂ ತಿಳಿಯಲಿಲ್ಲ. ತಿಳಿಯಲಿಲ್ಲ ಎನ್ನಬಹುದಿತ್ತು, ಒಂದು ಗಳಿಗೆ ಕೈಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಮತ್ತೆ ಒತ್ತಬಹುದಿತ್ತು, ಪಕ್ಕದವರನ್ನು ಕರೆಯಬಹುದಿತ್ತು. ಅವನ ಬಾಯಿ ತಾನಾಗಿಯೇ "ಮೆತ್ತಗೆ" ಎಂದಿತು. ಬರೆದುಕೊಳ್ಳುವವರು ಬರೆದುಕೊಂಡರು. ಆ ಮಾತು ಎಲ್ಲಿಂದ ಬಂತೆಂದು ಅವನಿಗೆ ಆ ಕ್ಷಣವೇ ಗೊತ್ತಿತ್ತು, ಗೊತ್ತಿಲ್ಲದವನ ಹಾಗೆ ಬ್ಲೇಡು ಕೈಗೆತ್ತಿಕೊಂಡ. ಬ್ಲೇಡು ಮಾತ್ರ ಸುಳ್ಳು ಹೇಳಲಿಲ್ಲ. ಹಸಿ ಕ್ಯಾರೆಟ್ಟು ಹೆಚ್ಚುವಾಗ ಆಗುವಂತೆ ತಡೆದು, ಆಮೇಲೆ ಕಟಕ್ಕೆಂದು ಇಳಿಯಿತು. ಆ ತಡೆ ಅವನ ಮಣಿಕಟ್ಟಿನವರೆಗೂ ಬಂತು. ಆಗಲಾದರೂ ಹೇಳಬಹುದಿತ್ತಲ್ಲ? ಬದಲಿಗೆ ಅವನು ಎಲ್ಲ ಮುಗಿದ ಮೇಲೆ ತಳದಲ್ಲಿ ಉಳಿದಿದ್ದ ಒಂದಿಷ್ಟು ಜೀವಕೋಶಗಳನ್ನು ಬಸಿದು, ಯಾರಿಗೂ ಹೇಳದೆ, ಪ್ಲೇಟಿನ ಮೂಲೆಯ ಗುಳಿಯಲ್ಲಿ ಗಟ್ಟಿ ಜೆಲ್ಲಿನಲ್ಲಿ ಇಟ್ಟ. ಯಾಕೆಂದು ತನ್ನನ್ನೂ ಕೇಳಿಕೊಳ್ಳಲಿಲ್ಲ. ಬೀಗ ಹಾಕಿ ಹೊರಟವರು ದಾರಿಯಿಂದ ತಿರುಗಿ ಬಂದು ಬಾಗಿಲು ಜಗ್ಗಿ ನೋಡುವುದಿಲ್ಲವೇ, ಹಾಗೆ ಎಂದು ಈಗ ಅಂದುಕೊಂಡ. ಬಾಗಿಲು ತೆರೆದೇ ಇತ್ತು.

ಆ ಸಂಜೆಯೂ ಇದೇ ಕೈ. ಹೋದ ಚಳಿಗಾಲ, ಕೊನೆಯ ಸ್ಟಾಪು, ಬಸ್ಸೆಲ್ಲ ಖಾಲಿ. ಅಕ್ಕ ಇಂಜಿನ್ ನಿಲ್ಲಿಸಿ, ಸೀಟಿನಲ್ಲೇ ಹಿಂದಕ್ಕೆ ತಿರುಗಿ, ಖಾಕಿ ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿ, ತೋಳಿನ ಹಿಂಭಾಗವನ್ನು ಅವನ ಮುಂದೆ ಹಿಡಿದಳು. ಇದೇನು ನೋಡು, ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಗಂಟು ಕಟ್ಟಿಕೊಂಡಿದೆಯೋ ಏನೋ, ನೋವೂ ಇಲ್ಲ ಎಂದಳು. ಅವನು ಮಂಜುಗಡ್ಡೆಯಿಂದ ನೇರ ಎದ್ದು ಬಂದವನು. ಮುಟ್ಟಿದ. ಚರ್ಮದ ಕೆಳಗೆ ಏನೋ ಇತ್ತು, ಅದು ಹೇಗಿತ್ತೆಂದು ಬೆರಳು ಹೇಳಲಿಲ್ಲ. ಹೊರಗೆ ಮುಂದಿನ ಪಾಳಿಯ ಡ್ರೈವರು ಸಿಗರೇಟು ಸೇದುತ್ತ ಕಾಯುತ್ತಿದ್ದ, ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು, ಅವನಿಗೆ ಹಸಿವಾಗಿತ್ತು. ಮೆತ್ತಗಿದೆ, ಏನೂ ಅಲ್ಲ, ಸ್ನಾಯು ಹಿಡಿದಿದೆ ಅಷ್ಟೇ, ತಾನಾಗಿ ಕರಗುತ್ತೆ ಎಂದುಬಿಟ್ಟ. ಅಕ್ಕ ತೋಳು ಇಳಿಸಿಕೊಂಡು, ಸದ್ಯ, ಅರ್ಧ ದಿನ ರಜೆ ಉಳಿಯಿತು ಎಂದಳು. ಅದಾದ ಮೇಲೆ ಬೇಸಿಗೆ ಮುಗಿಯುವವರೆಗೂ ಅವಳು ಯಾರಿಗೂ ತೋಳು ತೋರಿಸಲಿಲ್ಲ. ಭಾವ ಕೇಳಿದಾಗಲೆಲ್ಲ, ತಮ್ಮ ನೋಡಿದ್ದಾನೆ, ಮೆತ್ತಗಿದೆಯಂತೆ ಎಂದು ಬಾಯಿ ಮುಚ್ಚಿಸಿದಳು. ಕೊನೆಗೆ ಅಂಗಿಯ ತೋಳೇ ಬಿಗಿಯಾದ ಮೇಲೆ ಭಾವನೇ ಆಸ್ಪತ್ರೆಗೆ ಎಳೆದುಕೊಂಡು ಹೋಗಿದ್ದ. ಭಾವ ಇವತ್ತಿನವರೆಗೆ ಅವನನ್ನು ಏನೂ ಅಂದಿಲ್ಲ. ಅನ್ನುವವನಲ್ಲ. ಎದುರಿಗೆ ಸಿಕ್ಕಾಗ ಊಟ ಆಯ್ತಾ ಎಂದು ಕೇಳುತ್ತಾನೆ, ಆ ಪ್ರಶ್ನೆ ಅವನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟುತ್ತದೆ.

ಬೆಳಗಿನ ಸಭೆಗೆ ಅವನು ತಡವಾಗಿ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತ. ಪರದೆಯ ಮೇಲೆ ಆಗಲೇ ಅಕ್ಕನ ಕೆಂಪು. ಮೇಡಂ ಅದನ್ನು ಕೋಲಿನಿಂದ ತೋರಿಸುತ್ತ, ಈ ರೋಗಿಯ ವಿಷಯದಲ್ಲಿ ಮಾತ್ರೆ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ನೋಡಿ, ಡಾಕ್ಟರು ಕೀಮೋ ಡ್ರಿಪ್ ಏರಿಸುವುದನ್ನು ಬಿಟ್ಟು ನಮ್ಮ ಫಲಿತಾಂಶ ನೋಡಿಯೇ ಇದನ್ನು ಆರಿಸಿಕೊಂಡಿದ್ದಾರೆ, ಲ್ಯಾಬಿನ ಕೆಲಸ ರೋಗಿಯ ಮಂಚದ ತನಕ ಹೋಗುವುದು ಎಂದರೆ ಇದು ಎಂದರು. ಕೆಲವರು ಚಪ್ಪಾಳೆ ತಟ್ಟಿದರು. ರೋಗಿ ಯಾರೆಂದು ಗೊತ್ತಿದ್ದವರು ಹಿಂದಕ್ಕೆ ತಿರುಗಿ ಅವನ ಕಡೆಗೂ ಒಂದು ನಗು ಕಳಿಸಿದರು. ಅವನೂ ನಕ್ಕ. ನಗು ಮುಖದ ಮೇಲೆ ಎಷ್ಟು ಹೊತ್ತು ಇರಬೇಕೆಂದು ತಿಳಿಯದೆ ಹಾಗೇ ಬಿಟ್ಟುಕೊಂಡಿದ್ದ. ಕೈಯಲ್ಲಿ ಕಾಗದದ ಲೋಟದ ಚಹಾ ಇತ್ತು, ಬೇರೆಯವರೆಲ್ಲ ಅದನ್ನು ಅಂಚಿನಲ್ಲಿ ಹಿಡಿದು ಊದುತ್ತಿದ್ದರು, ಅವನು ಇಡೀ ಮುಷ್ಟಿಯಲ್ಲಿ ಹಿಡಿದಿದ್ದ. ಪ್ರಶ್ನೆಗಳೇನಾದರೂ ಇವೆಯೇ ಎಂದು ಮೇಡಂ ಕೇಳಿದಾಗ ಅವನ ಗಂಟಲಿನಿಂದ ಮಾತು ಹೊರಟಿತು. ಇದನ್ನು ಗಟ್ಟಿ ಜೆಲ್ಲಿನಲ್ಲೂ ಒಂದು ಸಲ ನೋಡಿದ್ದರೆ ಒಳ್ಳೆಯದಿತ್ತೇನೋ ಎಂದ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ನೋಡಿಯೇ ಇಲ್ಲದವನ ಹಾಗೆ. ಮೇಡಂ ಆಶ್ಚರ್ಯದಿಂದ ಅವನನ್ನು ನೋಡಿದರು.

"ಯಾಕೆ? ಮೆತ್ತಗೆ ಅಂತ ನೀವೇ ಹೇಳಿದ್ರಲ್ಲ?"

"ಹೌದು, ಹೇಳಿದ್ದೆ."

"ಮತ್ತೆ?"

ಅವನು ಚಹಾದ ಲೋಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಮೇಡಂ ಒಳ್ಳೆಯವರು, ಅವನನ್ನು ಅವಮಾನಿಸುವ ಉದ್ದೇಶ ಅವರಿಗಿರಲಿಲ್ಲ. ಸ್ವಂತದವರ ವಿಷಯವಾದರೆ ಎಲ್ಲರಿಗೂ ಮನಸ್ಸು ಹೊಯ್ದಾಡುತ್ತದೆ, ಅದಕ್ಕೇ ಬೇರೆಯವರು ಮಾಡಲಿ ಎಂದಿದ್ದೆ ಎಂದು ಸಮಾಧಾನದ ಧ್ವನಿಯಲ್ಲಿ ಹೇಳಿ ಪರದೆಯ ಚಿತ್ರ ಬದಲಿಸಿದರು. ಪಕ್ಕದ ಕುರ್ಚಿಯವಳು ಅವನ ಕೈ ನೋಡಿ ಗಾಬರಿಯಾಗಿ ಲೋಟ ಕಿತ್ತುಕೊಂಡಳು. ಹೆಬ್ಬೆರಳ ಬುಡ ಕೆಂಪಗೆ ಬೆಂದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ಚಹಾ ಅಷ್ಟೇನೂ ಬಿಸಿಯಿಲ್ಲ ಎಂದ. ಕೆಂಪು ಬೆರಳು, ಪರದೆಯ ಮೇಲಿನ ಕೆಂಪು, ಎರಡನ್ನೂ ಅವನು ಬೇರೆ ಯಾರದೋ ಮನೆಯ ಫೋಟೋ ನೋಡಿದಂತೆ ನೋಡಿದ. ಈಗ ಏಳಬೇಕು, ಮೂಲೆಯ ಗುಳಿಯ ಮಾತು ಎತ್ತಬೇಕು ಎಂದು ಒಳಗೆ ಯಾರೋ ಹೇಳುತ್ತಿದ್ದರು. ಆ ಧ್ವನಿ ಅವನನ್ನು ಜಗ್ಗುತ್ತಿತ್ತು, ಅದು ಜಗ್ಗಿದಷ್ಟೂ ಅವನು ಕುಸಿಯುತ್ತಿದ್ದ. ಎದ್ದರೆ ಮೊದಲು ಬರುವ ಪ್ರಶ್ನೆ ಒಂದೇ: ಹಾಗಾದರೆ ಆವತ್ತು ಮೆತ್ತಗೆ ಅಂದದ್ದು ಹೇಗೆ? ಅದಕ್ಕೆ ಉತ್ತರ ಹೇಳಿದರೆ ಅದರ ಹಿಂದಿನ ಪ್ರಶ್ನೆ ಬರುತ್ತದೆ, ಬಸ್ಸಿನಲ್ಲಿ ಅಂದದ್ದು ಹೇಗೆ? ಕೂತಲ್ಲೇ ಕೂತಿದ್ದ. ಸಭೆ ಮುಗಿದು ಕುರ್ಚಿಗಳು ಖಾಲಿಯಾದವು.

ಅಕ್ಕ ಬಂದಾಗ ಪಾಳಿ ಮುಗಿಸಿ ಬಂದಿದ್ದಳು, ಖಾಕಿ ಅಂಗಿಯಲ್ಲೇ. ಲ್ಯಾಬಿನಿಂದ ಆಸ್ಪತ್ರೆಗೆ ಒಂದು ರಸ್ತೆ ದಾಟಿದರಾಯಿತು. ಡಾಕ್ಟರ ಹತ್ತಿರ ಹೋಗುವ ಮೊದಲು ತನ್ನವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳು ವಾರದಿಂದ ಹಟ ಹಿಡಿದಿದ್ದಳು. ಅವನು ಅವಳಿಗೊಂದು ಬಿಳಿ ಕೋಟು ಹುಡುಕಿ ಕೊಟ್ಟ, ಬಲತೋಳು ತೂರಿಸಲು ಅವಳಿಗೆ ಕಷ್ಟವಾಯಿತು, ಅವನು ನೆರವಿಗೆ ಬರುವ ಮೊದಲೇ ಹೇಗೋ ತೂರಿಸಿಕೊಂಡು, ಈಗ ನಾನೂ ಡಾಕ್ಟ್ರು, ನಿನ್ನ ನಾಲಿಗೆ ತೋರಿಸು ಎಂದಳು. ಕತ್ತಲೆ ಕೋಣೆಯಲ್ಲಿ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಮೇಲಿನ ಸಾಲನ್ನು ತೋರಿಸಿದ. ಅವಳು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ, ರೆಪ್ಪೆಯೇ ಕಾಣುತ್ತಿದೆ ಎಂದು ಗೊಣಗಿ, ಕಡೆಗೊಮ್ಮೆ ಸರಿಯಾಗಿ ಕಣ್ಣಿಟ್ಟಳು. ಈ ಕೆಂಪು ಚುಕ್ಕೆಗಳೆಲ್ಲ ಸತ್ತವಾ ಎಂದು ಮೆಲ್ಲಗೆ ಕೇಳಿದಳು. ಹೌದು ಎಂದ. ಎಲ್ಲಾ? ಬಹುತೇಕ. ನನ್ನವೇ ಆದರೂ ಒಂದು ಚೂರೂ ಬೇಜಾರಾಗುತ್ತಿಲ್ಲ ನೋಡು, ಎಂಥ ಕಟುಕಿ ನಾನು ಎಂದು ನಕ್ಕಳು. ಅವಳ ಭುಜ ಸಡಿಲವಾದದ್ದು ಕತ್ತಲೆಯಲ್ಲೂ ಕಂಡಿತು. ಮಾತ್ರೆಯಾದರೆ ಮನೆಯಲ್ಲೇ ನುಂಗಿಕೊಂಡಿರಬಹುದು, ಕೂದಲು ಉದುರುವುದಿಲ್ಲ, ಮುಂದಿನ ತಿಂಗಳೂ ಬೆಳಗಿನ ಪಾಳಿಗೇ ಬರುತ್ತೇನೆಂದು ಡಿಪೋದಲ್ಲಿ ಹೇಳಿಬಿಟ್ಟಿದ್ದೇನೆ ಎಂದಳು. ಡ್ರಿಪ್ ಏರಿಸಿಕೊಂಡ ಕಂಡಕ್ಟರೊಬ್ಬಳನ್ನು ಅವಳು ನೋಡಿದ್ದಳು. ಬಸ್ಸಿನಲ್ಲಿ ನಿಲ್ಲುವುದಿರಲಿ, ಹತ್ತಲೂ ಆಗುತ್ತಿರಲಿಲ್ಲ ಅವಳಿಗೆ, ಕೊನೆಗೆ ಟಿಕೆಟ್ ಕೊಡುವ ಯಂತ್ರವನ್ನು ಡಿಪೋಗೆ ಒಪ್ಪಿಸಿ ಹೋದವಳು ತಿರುಗಿ ಬರಲೇ ಇಲ್ಲ ಎಂದಳು. ಮಾತಾಡುತ್ತ ಮಾತಾಡುತ್ತ ಅವಳೇ ಪ್ಲೇಟು ಸರಿಸುವ ಗುಂಡಿಯನ್ನು ಗೇರಿನ ಹಿಡಿಯ ಹಾಗೆ ಹಿಡಿದು ತಿರುಗಿಸಿದಳು. ಅವನು ತಡೆಯಲು ಕೈಚಾಚಿದ. ಚಾಚಿದ ಕೈ ತಡವಾಗಿ ಬಂತು.

"ಅರೆ, ಇಲ್ಲಿ ಹಸಿರಿದೆ. ಎಷ್ಟು ಚೆನ್ನಾಗಿವೆಯಲ್ಲೋ! ಇವು ಯಾರವು?"

"ಬೇರೆ ಯಾರದ್ದೋ."

"ಅಂದ್ರೆ ಆ ಯಾರಿಗೋ ಈ ಮಾತ್ರೆ ನಾಟಲ್ವಾ?"

"ನಾಟಲ್ಲ ಅನ್ಸುತ್ತೆ."

ಅಕ್ಕ ಇನ್ನೂ ಒಂದು ಗಳಿಗೆ ಕಣ್ಣಿಟ್ಟು ನೋಡಿದಳು. "ಪಾಪ" ಎಂದಳು. ಮನಸ್ಸಿಟ್ಟೇ ಅಂದಳು. ಬಸ್ಸಿನಲ್ಲಿ ಕೂಸು ಎತ್ತಿಕೊಂಡು ನಿಂತವರನ್ನು ಕನ್ನಡಿಯಲ್ಲಿ ನೋಡಿ, ಯಾರಾದರೂ ಸೀಟು ಬಿಡಿ ಎನ್ನುವಾಗ ಅವಳ ಧ್ವನಿ ಹೀಗೇ ಇರುತ್ತದೆ. ಅವನ ಕಿವಿಗೆ ಆ ಮಾತು ಬಿತ್ತು, ಅದರ ಕೆಳಗೆ ಎಲ್ಲೋ ಇಳಿಯಬೇಕಿತ್ತು, ಇಳಿಯಲಿಲ್ಲ. ತಾನು ಈಗ ಮಾಡಿದ್ದೇನೆಂದು ಅವನಿಗೆ ಗೊತ್ತಿತ್ತು. ಅಕ್ಕನನ್ನು ಅವಳ ಎದುರಿಗೇ ಬೇರೆ ಯಾರೋ ಮಾಡಿಬಿಟ್ಟಿದ್ದ. ನಾಚಿಕೆಯಾಗಬೇಕಿತ್ತು, ನಾಚಿಕೆಯ ಜಾಗದಲ್ಲಿ ಹತ್ತಿ ತುರುಕಿದಂತಿತ್ತು. ಪ್ಲೇಟಿಗೆ ಮುಚ್ಚಳ ಹಾಕಿದ. ಮುಚ್ಚಳ ಸರಿಯಾಗಿ ಕೂತಿತೋ ಇಲ್ಲವೋ ಬೆರಳಿಗೆ ತಿಳಿಯದೆ ಬಗ್ಗಿ ಕಣ್ಣಿನಿಂದ ನೋಡಬೇಕಾಯಿತು. ಅಕ್ಕ ಅವನು ಬಗ್ಗಿದ್ದನ್ನು ನೋಡಿದಳು. ಕೋಟು ಬಿಚ್ಚಿ ಮಡಿಸಿ ಕೊಟ್ಟಳು.

ರಸ್ತೆ ದಾಟುವಾಗ ಅಕ್ಕ ಅಭ್ಯಾಸದಂತೆ ಅವನ ಮುಂದೆ ಕೈ ಅಡ್ಡಹಿಡಿದಳು. ನಲವತ್ತು ಸಮೀಪಿಸುತ್ತಿರುವ ತಮ್ಮನಿಗೆ ಅವಳು ಇನ್ನೂ ರಸ್ತೆ ದಾಟಿಸುತ್ತಾಳೆ. ಅವನಿಗೆ ಶಾಲೆಯ ದಾರಿ ನೆನಪಾಯಿತು. ಅಲ್ಲೊಂದು ನಾಯಿ ಮಲಗಿರುತ್ತಿತ್ತು. ಕಚ್ಚಲ್ಲ ಬಾ ಎಂದು ಅಕ್ಕ ಹೇಳಿದರೆ ಅವನಿಗೆ ನಿಜಕ್ಕೂ ಹೆದರಿಕೆ ಹೋಗುತ್ತಿತ್ತು. ಅಕ್ಕ ಜ್ವರವೆಂದು ಮನೆಯಲ್ಲಿ ಉಳಿದ ದಿನ ಅದೇ ನಾಯಿ ಹುಲಿಯಷ್ಟು ದೊಡ್ಡದಾಗುತ್ತಿತ್ತು. ನಾಯಿ ಕಚ್ಚುವುದಿಲ್ಲವೆಂದು ಅಕ್ಕನಿಗೆ ಹೇಗೆ ಗೊತ್ತಿತ್ತು? ಗೊತ್ತಿರಲಿಲ್ಲವಂತೆ. ದೊಡ್ಡವಳಾದ ಮೇಲೆ ಒಮ್ಮೆ ಹೇಳಿದ್ದಳು, ನನಗೂ ಕಾಲು ನಡುಗುತ್ತಿತ್ತು ಕಣೋ, ನೀನು ನಂಬಿದ್ದನ್ನು ನೋಡಿ ನನಗೂ ಧೈರ್ಯ ಬರುತ್ತಿತ್ತು ಎಂದು. ಆಸ್ಪತ್ರೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಫಿನಾಯಿಲಿನ ವಾಸನೆ, ಗೋಡೆಗೆ ಒತ್ತಿದ ಪ್ಲಾಸ್ಟಿಕ್ ಕುರ್ಚಿಗಳ ಸಾಲು, ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು ಮಗಳ ಜಡೆ ಹೆಣೆಯುತ್ತಿದ್ದಳು. ನರ್ಸು ಕಾಯಲು ಹೇಳಿದಳು. ಅವರಿಬ್ಬರೂ ಕೊನೆಯ ಎರಡು ಕುರ್ಚಿಗಳಲ್ಲಿ ಕೂತರು. ಇನ್ನೂ ಸಮಯವಿದೆ ಎಂದು ಅವನು ಅಂದುಕೊಂಡ. ಒಳಗೆ ಹೋಗುವ ತನಕ ಸಮಯವಿದೆ. ಒಳಗೆ ಹೋದ ಮೇಲೂ, ಡಾಕ್ಟರು ಬರೆಯುವ ತನಕ ಇದೆ. ಬರೆದ ಮೇಲೆ, ಅಕ್ಕ ಮೊದಲ ಮಾತ್ರೆ ನುಂಗುವ ತನಕ ಇದೆ. ನುಂಗಿದ ಮೇಲೆ ಗಡ್ಡೆ ಬೆಳೆಯುವುದು ಕಣ್ಣಿಗೆ ಕಾಣುವಷ್ಟರಲ್ಲಿ ತಿಂಗಳುಗಳು ಹೋಗಿರುತ್ತವೆ, ಆಗ ಡ್ರಿಪ್ ಹಾಕಿದರೂ ಗಡ್ಡೆಗೆ ಅದರ ಮಾತು ಕೇಳುವ ಕಿವಿ ಉಳಿದಿರುವುದಿಲ್ಲ. ಬಹುಶಃ ಮೂಲೆಯ ಗುಳಿಯೇ ಸುಳ್ಳಿರಬಹುದು. ಒಂದೇ ಗುಳಿ, ಒಂದಿಷ್ಟು ಜೀವಕೋಶ. ಒಂದು ಗುಳಿಯನ್ನು ನಂಬಿ ಯಾರೂ ಏನೂ ಹೇಳುವುದಿಲ್ಲ. ಹೀಗೆ ಅಂದುಕೊಂಡಾಗಲೂ ಮಣಿಕಟ್ಟಿನಲ್ಲಿ ಆ ಬ್ಲೇಡಿನ ತಡೆ ಇತ್ತು.

ಅಕ್ಕ ಅವನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಹೆಬ್ಬೆರಳ ಬುಡದ ಬೊಬ್ಬೆಯನ್ನು ನೋಡಿದಳು. ಒತ್ತಿದಳು. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಇನ್ನಷ್ಟು ಒತ್ತಿ ಅವನ ಮುಖ ನೋಡಿದಳು. ಇದು ಯಾವಾಗಿನಿಂದ ಹೀಗೆ ಎಂದು ಕೇಳಿದಳು. ತುಂಬ ದಿನದಿಂದ ಎಂದ. ತುಂಬ ದಿನ ಅಂದರೆ, ಆ ಚಳಿಗಾಲದಲ್ಲೂ? ಅವನು ಎದುರಿನ ಗೋಡೆಯ ಮೇಲಿನ ಗಡಿಯಾರವನ್ನು ನೋಡಿದ. ಅದು ನಿಂತಿರಲಿಲ್ಲ, ಸಾಮಾನ್ಯ ಗಡಿಯಾರದ ಹಾಗೆ ನಡೆಯುತ್ತಿತ್ತು. ಹೌದು ಎಂದ. ಅಕ್ಕ ಎರಡೂ ಅಂಗೈಗಳ ನಡುವೆ ಅವನ ಕೈ ಇಟ್ಟುಕೊಂಡು ಉಜ್ಜತೊಡಗಿದಳು. ಸ್ಟೀರಿಂಗ್ ಹಿಡಿದು ಹಿಡಿದು ಅವಳ ಅಂಗೈ ಒರಟಾಗಿತ್ತು, ಬಿಸಿಯಾಗಿತ್ತು. ಚಿಕ್ಕಂದಿನಲ್ಲಿ ತಣ್ಣೀರು ಸ್ನಾನವಾದ ಮೇಲೆ ಹೀಗೇ ಉಜ್ಜುತ್ತಿದ್ದಳು. ಜಡೆ ಹೆಣೆಯುತ್ತಿದ್ದ ಹೆಂಗಸು ಅವರ ಕಡೆ ನೋಡಿ ಮತ್ತೆ ತನ್ನ ಕೆಲಸಕ್ಕೆ ತಿರುಗಿದಳು. ಬಹಳ ಹೊತ್ತು ಉಜ್ಜಿದ ಮೇಲೆ ಅಕ್ಕ ಅಂಗಿಯ ತೋಳಿನ ಗುಂಡಿ ಬಿಚ್ಚಿ, ಬಿಗಿಯಾದ ಬಟ್ಟೆಯನ್ನು ಕಷ್ಟಪಟ್ಟು ಮೇಲೆ ಸರಿಸಿದಳು.

"ಬೆರಳು ಬೇಡ. ಅಂಗೈ ಇಡು."

ಇಟ್ಟ. ಮೊದಲು ಬಿಸಿ ತಿಳಿಯಿತು. ಆಮೇಲೆ ಚರ್ಮ, ಸೂಜಿ ಹಾಕಿದ ಜಾಗದ ಸಣ್ಣ ಕಲೆ. ಅದರ ಕೆಳಗೆ, ಹೊದಿಕೆಯ ಅಡಿ ಮೇಜಿನ ಮೂಲೆ ಕೈಗೆ ಸಿಕ್ಕಿದ ಹಾಗೆ, ಅದು. ಒತ್ತಿದರೆ ಜರುಗಲಿಲ್ಲ, ಒಳಕ್ಕೆ ಹೋಗಲಿಲ್ಲ. ಅವನ ಅಂಗೈಯನ್ನೇ ತಿರುಗಿ ಒತ್ತುತ್ತಿತ್ತು.

"ಈಗ ಹೇಳು."

"ಗಟ್ಟಿ ಇದೆ ಅಕ್ಕ."

"ಹೂಂ. ಮೊದಲಿಂದಲೂ ಗಟ್ಟಿನೇ ಇತ್ತು." ಅಕ್ಕನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಯಾವುದೋ ಸ್ಟಾಪಿನ ಹೆಸರು ಹೇಳಿದಂತಿತ್ತು. "ನೀನು ಮೆತ್ತಗಿದೆ ಅಂದ್ಯಲ್ಲ, ಆಮೇಲೆ ದಿನಾ ಸ್ನಾನ ಮಾಡುವಾಗ ಮುಟ್ಟಿ ನೋಡ್ಕೋತಿದ್ದೆ. ನನ್ ಕೈಗೂ ಮೆತ್ತಗೇ ಅನ್ನಿಸ್ತಿತ್ತು ಕಣೋ. ದೇವರಾಣೆಗೂ."

ಅವನು ಕೈ ತೆಗೆಯಲಿಲ್ಲ. ತೆಗೆಯಬೇಕೆಂದು ತೋಚಲಿಲ್ಲ. ಬೆಂದ ಹೆಬ್ಬೆರಳು ನಿಧಾನವಾಗಿ ಉರಿಯತೊಡಗಿತ್ತು, ಬೆಳಗಿನ ಚಹಾದ ಬಿಸಿ ಈಗ ಬಂದು ಮುಟ್ಟುತ್ತಿತ್ತು. ಅಕ್ಕ ಡಾಕ್ಟರ ಬಾಗಿಲಿನ ಕಡೆ ನೋಡಿದಳು.

"ಆ ಹಸಿರು ನಂದೇ ತಾನೇ?"

"ನಿಂದೇ."

ಅವಳು ತಲೆಯಾಡಿಸಿದಳು. ತೋಳನ್ನು ಕೆಳಗೆ ಎಳೆದುಕೊಂಡು ಗುಂಡಿ ಹಾಕಲು ಹೋದಳು, ಗುಂಡಿ ಕಾಜಕ್ಕೆ ಸಿಗಲಿಲ್ಲ, ಬಿಟ್ಟಳು. "ಯಾರಿಗೋ ಪಾಪ ಅಂದೆನಲ್ಲೋ" ಎಂದಳು. ನಗಲು ನೋಡಿದಳು. ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಹಾಗಾದರೆ ಡ್ರಿಪ್ಪೇ ಗತಿಯಾ ಎಂದು ಕೇಳಿದಳು, ಇರಬಹುದು ಎಂದ. ಮತ್ತೆ ಬಸ್ಸು ಎಂದಳು, ಅವನು ಅವಳ ಖಾಕಿ ತೋಳಿನ ತೆರೆದ ಗುಂಡಿಯನ್ನು ನೋಡಿದ. ಕಾರಿಡಾರಿನ ಆ ತುದಿಯಿಂದ ಒಂದು ಗಾಲಿಕುರ್ಚಿ ಬಂದು ಇವರನ್ನು ದಾಟಿ ಹೋಯಿತು, ಅಕ್ಕ ಕಾಲು ಒಳಕ್ಕೆಳೆದು ದಾರಿ ಬಿಟ್ಟಳು.

"ಡ್ರಿಪ್ ಆದ್ರೂ ಕೆಲಸ ಮಾಡುತ್ತಾ?"

ಅವನ ಬಾಯಿಯ ತುದಿಯಲ್ಲಿ ಒಂದು ಉತ್ತರ ಸಿದ್ಧವಾಗಿಯೇ ಇತ್ತು. ಇಷ್ಟು ವರ್ಷ ಮನೆಯವರಿಗೆಲ್ಲ ಕೊಡುತ್ತ ಬಂದ, ಕೇಳಿದವರ ಮುಖ ಅರಳಿಸುವ ಉತ್ತರ. ಮಾಡೇ ಮಾಡುತ್ತೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅಕ್ಕ ಕಾಯುತ್ತಿದ್ದಳು. ಚಳಿಗಾಲದ ಬಸ್ಸಿನಲ್ಲಿ ನೋಡಿದ ಹಾಗೇ ಅವನ ಮುಖವನ್ನು ನೋಡುತ್ತಿದ್ದಳು. ಅವನು ಏನು ಹೇಳಿದರೂ ಅವಳು ಹಾಗೇ ಆಗಿಬಿಡುತ್ತಾಳೆ ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು, ಹೊಳೆದು ಭಯವಾಯಿತು. ಬೆಳಗಿನಿಂದ ಬರಬೇಕಾಗಿದ್ದ ಭಯ ಅದು.

"ಗೊತ್ತಿಲ್ಲ ಅಕ್ಕ."

"ಗೊತ್ತಿಲ್ವಾ?"

"ಇಲ್ಲ. ಡ್ರಿಪ್ ಔಷಧಿನ ಗಟ್ಟಿ ಜೆಲ್‌ನಲ್ಲಿ ನಾನು ನೋಡೇ ಇಲ್ಲ."

ಅಕ್ಕ ನಿಟ್ಟುಸಿರುಬಿಟ್ಟಳು. ಅದು ನೆಮ್ಮದಿಯದೋ ಆಯಾಸದ್ದೋ ತಿಳಿಯಲಿಲ್ಲ. ನರ್ಸು ಬಾಗಿಲು ತೆರೆದು ಇವರ ಕಡೆ ಕೈಮಾಡಿದಳು. ಅಕ್ಕ ಎದ್ದಳು, ಬ್ಯಾಗನ್ನು ಒಳ್ಳೆಯ ತೋಳಿಗೆ ಹಾಕಿಕೊಂಡಳು, ಅವನ ಮಣಿಕಟ್ಟು ಹಿಡಿದು ಎಬ್ಬಿಸಿದಳು.

"ಹುಟ್ಟಿದಾಗಿನಿಂದ ಗೊತ್ತಿಲ್ಲ ಅಂತ ನಿನ್ ಬಾಯಲ್ಲಿ ಕೇಳಿರ್ಲಿಲ್ಲ" ಎಂದಳು. "ಬಾ, ಒಳಗೂ ಅದನ್ನೇ ಹೇಳು."

ಬಾಗಿಲ ತನಕ ಅವಳು ಅವನ ಕೈ ಬಿಡಲಿಲ್ಲ. ಹೆಬ್ಬೆರಳು ಈಗ ಜೋರಾಗಿ ಉರಿಯುತ್ತಿತ್ತು.